ಒಂದೇ ತಾರೀಖಿಗೆ ಹೋದವರು: ಜುಲೈ 21ಕ್ಕೆ ಯಾರ ಹಾಡು ಹಾಕೋಣ?

ಮಂಡಿಪೇಟೆ ಟೇಪಣ್ಣ:
ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಮನೆಗೆ ಸುಣ್ಣ ಬಣ್ಣ ಮಾಡಿಸೋಣ ಅಂತ ಅಟ್ಟದಿಂದ ಟ್ರಂಕು ಇಳಿಸಿದೆ. ಒಳಗೆ ಅಪ್ಪನ ಕ್ಯಾಸೆಟ್ಟುಗಳು. ಅಪ್ಪ ಇಲ್ಲೇ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಇದ್ದವರು. ಸರಿಗಮ ಕಲಿತವರಲ್ಲ, ಕೇಳುವ ಹುಚ್ಚು ಮಾತ್ರ ವಿಪರೀತ. ಅವರಿಗೊಂದು ಅಭ್ಯಾಸ ಇತ್ತು. ಹಾಡಿದವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದರೆ ಅವರ ಕ್ಯಾಸೆಟ್ಟಿನ ಡಬ್ಬಿ ತೆಗೆದು, ಒಳಗಿನ ಕಾಗದದ ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ತಾರೀಖು ಬರೆದು, ಮತ್ತೆ ಅಲ್ಲೇ ಇಡುತ್ತಿದ್ದರು. ಬೇರೇನೂ ಬರೆಯುತ್ತಿರಲಿಲ್ಲ.

ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರ ಕ್ಯಾಸೆಟ್ಟಿನಲ್ಲಿ 21-7-91, ಭಾನುವಾರ ಅಂತಿದೆ. ಅದು ಅಂಗಡಿಯಲ್ಲಿ ಕೊಂಡಿದ್ದು. ಗಂಗೂಬಾಯಿ ಹಾನಗಲ್ ಅವರದ್ದು ರೇಡಿಯೋದಿಂದ ಅಪ್ಪನೇ ಹಿಡಿದುಕೊಂಡಿದ್ದು, ಅದರ ಮೇಲೆ 21-7-09. ಎರಡನೆಯದನ್ನು ಬರೆಯುವಾಗ ಕೈ ನಡುಗಿದೆ, 9 ಅನ್ನೋದು ಸೊನ್ನೆ ಥರ ಕಾಣುತ್ತದೆ. ಹದಿನೆಂಟು ವರ್ಷದ ಅಂತರ, ಅದೇ ತಾರೀಖು, ಇಬ್ಬರೂ ಹುಬ್ಬಳ್ಳಿ ಧಾರವಾಡದವರು. ಅಪ್ಪ ಇದನ್ನು ಗಮನಿಸಿದ್ದರೋ ಇಲ್ಲವೋ, ಈಗ ಕೇಳೋಕೆ ಅವರಿಲ್ಲ.

ಈ ಜುಲೈ 21ಕ್ಕೆ ನಮ್ಮ ಮಾಳಿಗೆ ಮೇಲೆ ಹತ್ತು ಹದಿನೈದು ಜನ ಕೂತು ಕೇಳೋಣ ಅನ್ನಿಸಿದೆ. ಫೋಟೋ ಇಲ್ಲ, ಹಾರ ಇಲ್ಲ, ಭಾಷಣ ಅಂತೂ ಬೇಡವೇ ಬೇಡ. ಯಾರನ್ನು ಮೊದಲು ಹಾಕಬೇಕು? ಹೀಗೆ ಒಂದೇ ದಿನ ಹೋದವರು ಬೇರೆ ಯಾರು ಯಾರಿದ್ದಾರೆ? ಗೊತ್ತಿದ್ದವರು ಹೇಳಿ.

ವಿದ್ಯಾನಗರದ ಅಕ್ಕ:
ಅಯ್ಯೋ ಟೇಪಣ್ಣ, ಬೆಳಗ್ಗೆ ಬೆಳಗ್ಗೆ ಏನು ನೆನಪು ಮಾಡಿಬಿಟ್ಟಿರಿ. ಗಂಗೂಬಾಯಿ ಅಂದರೆ ನನಗೆ ನಮ್ಮಜ್ಜಿ. ಮರ್ಫಿ ರೇಡಿಯೋ, ಧಾರವಾಡ ಸ್ಟೇಷನ್ನು, ಅರ್ಧ ಗೊರ ಗೊರ ಸದ್ದು. ಅಜ್ಜಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ, "ಯಾವನೋ ಪುಣ್ಯಾತ್ಮ, ಎಂಥಾ ಗಂಟಲು ನೋಡೇ" ಅಂದಳು. ಹಾಡು ಮುಗಿದು ಹೆಸರು ಹೇಳಿದರು ನೋಡಿ, ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಹೆಣ್ಮಗಳಾ?" ಅಂದವಳು ಅವತ್ತೆಲ್ಲ ಬೀದಿಗೇ ಹೇಳಿಕೊಂಡು ಬಂದಳು.

ಮೊದಲು ಅವರದ್ದೂ ಸಣ್ಣ ದನಿಯೇ ಅಂತೆ. ಗಂಟಲಿಗೆ ತೊಂದರೆಯಾಗಿ ಚಿಕಿತ್ಸೆ ಆದ ಮೇಲೆ ದನಿ ಹಾಗೆ ದಪ್ಪ ಆಯಿತು. ಬೇರೆಯವರಾಗಿದ್ದರೆ ಹಾಡೋದೇ ಬಿಡುತ್ತಿದ್ದರೋ ಏನೋ. ಅವರ ಹಳೇ ಗ್ರಾಮಫೋನ್ ತಟ್ಟೆಗಳ ಮೇಲೆ ಹೆಸರು ಗಾಂಧಾರಿ ಅಂತ ಇರುತ್ತದೆ, ಅದು ಹುಟ್ಟು ಹೆಸರು. ಸಿಕ್ಕರೆ ಕೇಳಿ ನೋಡಿ, ಇದೂ ಅದೇ ಹೆಂಗಸಾ ಅನ್ನಿಸುತ್ತದೆ.

ನನ್ನ ವೋಟು ಗಂಗಜ್ಜಿಗೆ.

ದುರ್ಗದ ಮೇಷ್ಟ್ರು:
ಟೇಪಣ್ಣ, ಮೊದಲು ರಾಜಗುರು ಹಾಕಿ. ಕಾರಣ ಇದೆ. ಅವರು ಯಾವುದನ್ನೂ ಬಿಟ್ಟವರಲ್ಲ. ಖಯಾಲ್, ಠುಮ್ರಿ, ನಾಟ್ಯಗೀತೆ, ವಚನ, ಎಲ್ಲವೂ. ರಾಗ ಗೊತ್ತಿಲ್ಲದ ನಮ್ಮಂಥವರಿಗೂ ವಚನದಿಂದ ಒಳಗೆ ಹೋಗೋಕೆ ಬಾಗಿಲು ಸಿಗುತ್ತದೆ. ಗದುಗಿನ ಪಂಚಾಕ್ಷರ ಗವಾಯಿಗಳ ಶಿಷ್ಯ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರು ವರ್ಷದ ಉತ್ಸವ ಆಯಿತಲ್ಲ, ಅಲ್ಲಿ ಹುಡುಗ ಬಸವರಾಜ ಹಾಡಿದಾಗ ತಬಲಾಕ್ಕೆ ಕೂತವರು ಗುರುಗಳೇ. ಕಣ್ಣು ಕಾಣದ ಗುರು, ಹರೆಯದ ಶಿಷ್ಯ. ಯೋಚನೆ ಮಾಡಿ.

ಇನ್ನು ಒಂದೇ ದಿನದ ಮಾತು. ನಿಮ್ಮ ಜುಲೈ 21ಕ್ಕಿಂತ ಗಟ್ಟಿಯಾದದ್ದು ನನ್ನ ಹತ್ತಿರ ಇದೆ, ಸಂಜೆ ಬರೆಯುತ್ತೇನೆ. ಮನೆಗೆ ನೀರು ಬಂದಿದೆ.

ಲೆಕ್ಕದ ಹುಡುಗ:
ಬೇಜಾರು ಮಾಡ್ಕೋಬೇಡಿ, ಆದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 23 ಜನರನ್ನು ಒಂದು ರೂಮಿನಲ್ಲಿ ಕೂರಿಸಿ. ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಯಾಕಂದರೆ 23 ಜನರಲ್ಲಿ 253 ಜೋಡಿ ಆಗುತ್ತವೆ. ಸತ್ತ ದಿನಕ್ಕೂ ಇದೇ ಲೆಕ್ಕ. ಟೇಪಣ್ಣನ ಟ್ರಂಕಿನಲ್ಲಿ ಐವತ್ತು ಕಲಾವಿದರಿದ್ದರೆ ಇಂಥ ಜೋಡಿ ಸಿಗದೇ ಇದ್ದರೇ ಆಶ್ಚರ್ಯ.

ವಿದ್ಯಾನಗರದ ಅಕ್ಕ:
ತಮ್ಮಾ, ಆಶ್ಚರ್ಯ ಅಂತ ಯಾರು ಹೇಳಿದರು? ಒಂದೇ ದಿನ ಎರಡು ಮದುವೆ ಬಂದರೆ ಎರಡಕ್ಕೂ ಹೋಗಬೇಕೋ ಬೇಡವೋ ಅಂತ ಕೇಳುತ್ತಿದ್ದಾರೆ ಅಷ್ಟೇ. ಸುಮ್ನೆ ಬಾ, ಹಾಡು ಕೇಳು.

ಹೊಳೆದಂಡೆ ಹರಿಹರ:
ಜುಲೈ 21 ಶಿವಾಜಿ ಗಣೇಶನ್ ದಿನವೂ ಹೌದು, 2001. ನಮ್ಮ ಮನೆಯಲ್ಲಿ ಅವತ್ತು ಒಲೆ ಹಚ್ಚಿರಲಿಲ್ಲ, ನಮ್ಮಮ್ಮ ಭದ್ರಾವತಿ ಕಡೆಯವರು, ತಮಿಳು ಮನೆತನ. ಗ್ರೂಪಿನಲ್ಲಿ ಬಂದ ಒಂದು ಪಟ್ಟಿಯಲ್ಲಿ ಪುಟ್ಟರಾಜ ಗವಾಯಿಗಳೂ ಜುಲೈ 21 ಅಂತ ಇತ್ತು. ಹೌದಾ?

ದುರ್ಗದ ಮೇಷ್ಟ್ರು:
ಅಲ್ಲ. ಪುಟ್ಟರಾಜರು 2010ರ ಸೆಪ್ಟೆಂಬರ್ 17. ಅವರೂ ರಾಜಗುರುಗಳೂ ಒಂದೇ ಗುರುವಿನ ಶಿಷ್ಯರು, ಅದಕ್ಕೇ ಯಾರೋ ಕಲಸಿಬಿಟ್ಟಿದ್ದಾರೆ. ಈ ಪಟ್ಟಿ ಮಾಡುವವರಿಗೆ ದೊಡ್ಡ ನಮಸ್ಕಾರ. ಬದುಕಿದ್ದವರನ್ನೂ ಒಂದೆರಡು ಸಲ ಸೇರಿಸಿದ್ದಾರೆ.

ಸರಿ, ನನ್ನ ತಾರೀಖು ಸೆಪ್ಟೆಂಬರ್ 12.

1952ರ ಸೆಪ್ಟೆಂಬರ್ 12, ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಮತ್ತು ಭೀಮಸೇನ ಜೋಶಿ ಇಬ್ಬರ ಗುರು. ಅದಾಗಿ ಸರಿಯಾಗಿ ನಲವತ್ತು ವರ್ಷಕ್ಕೆ, 1992ರ ಸೆಪ್ಟೆಂಬರ್ 12, ಮಲ್ಲಿಕಾರ್ಜುನ ಮನ್ಸೂರರು. ಧಾರವಾಡ ಸೀಮೆಯ ಸಂಗೀತದ ಎರಡು ದೊಡ್ಡ ಮರ, ಒಂದೇ ದಿನ. ಇವೆರಡರ ಮಧ್ಯೆ 1971ರಲ್ಲಿ ಅದೇ ತಾರೀಖಿಗೆ ಮುಂಬಯಿಯಲ್ಲಿ ಜೈಕಿಶನ್. ಶಂಕರ್ ಜೈಕಿಶನ್ ಜೋಡಿಯ ಜೈಕಿಶನ್, ಇನ್ನೂ 41 ವರ್ಷ. ಆಮೇಲೂ ಶಂಕರ್ ಒಬ್ಬರೇ ಕೂತು ಮಾಡಿದ ಹಾಡಿಗೂ ಇಬ್ಬರ ಹೆಸರೇ ಹಾಕುತ್ತಿದ್ದರು.

ಸಿನಿಮಾದವನನ್ನು ಯಾಕೆ ತಂದ್ರಿ ಮೇಷ್ಟ್ರೇ ಅಂತೀರಿ, ಅಲ್ವಾ? ಅಲ್ಲೇ ನಮ್ಮ ದುರ್ಗ ಬರೋದು. ತ.ರಾ.ಸು. ಬರೆದ ಹಂಸಗೀತೆ ಗೊತ್ತಲ್ಲ, ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ. ಕನ್ನಡದಲ್ಲಿ ಜಿ.ವಿ. ಅಯ್ಯರ್ ಅದನ್ನು 1975ರಲ್ಲಿ ಸಿನಿಮಾ ಮಾಡಿದರು, ಅನಂತನಾಗ್ ಇದ್ದದ್ದು. ಆದರೆ ಅದಕ್ಕೂ ಮೊದಲೇ, 1956ರಲ್ಲಿ, ಅದೇ ಕಾದಂಬರಿ ಹಿಂದಿಗೆ ಹೋಗಿ ಬಸಂತ್ ಬಹಾರ್ ಆಗಿತ್ತು. ಸಂಗೀತ ಶಂಕರ್ ಜೈಕಿಶನ್. ಅದರಲ್ಲೊಂದು ಪೈಪೋಟಿ ಹಾಡು. ಒಂದು ಕಡೆ ಮನ್ನಾ ಡೇ, ಇನ್ನೊಂದು ಕಡೆ ಭೀಮಸೇನ ಜೋಶಿ. ಕತೆಯ ಪ್ರಕಾರ ಮನ್ನಾ ಡೇ ದನಿಯ ನಾಯಕ ಗೆಲ್ಲಬೇಕು, ಭೀಮಸೇನರು ಸೋಲಬೇಕು! ಪಾಪ, ಮನ್ನಾ ಡೇ ಹೆದರಿ ಕಂಗಾಲಾಗಿದ್ದರಂತೆ.

ಈಗ ಗಂಟು ಹಾಕಿ ನೋಡಿ. ಸೆಪ್ಟೆಂಬರ್ 12ಕ್ಕೆ ಹೋದ ಗುರುವಿನ ಶಿಷ್ಯ, ಸೆಪ್ಟೆಂಬರ್ 12ಕ್ಕೆ ಹೋಗಲಿದ್ದವನ ಸಂಗೀತಕ್ಕೆ, ನಮ್ಮ ದುರ್ಗದ ಕತೆಗೆ ಹಾಡಿದ. ನಾನು ಇದನ್ನು ಕೋಟೆ ನೋಡೋಕೆ ಬಂದವರಿಗೆಲ್ಲ ಹೇಳುತ್ತೇನೆ. ಅವರು ಹೂಂ ಹೂಂ ಅಂದು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳುತ್ತಾರೆ.

ಲೆಕ್ಕದ ಹುಡುಗ:
ಮೇಷ್ಟ್ರೇ, ಇದು ಲೆಕ್ಕಕ್ಕೆ ಸಿಗಲ್ಲ. ಒಪ್ಪಿದೆ. ಅದೇ ದಿನಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ, ಅಮೆರಿಕದ ಜಾನಿ ಕ್ಯಾಶ್, 2003. ಹೆಂಡತಿ ಜೂನ್ ಕಾರ್ಟರ್ ತೀರಿಕೊಂಡು ನಾಲ್ಕು ತಿಂಗಳಿಗೆ ಇವರೂ ಹೋದರು. ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್ ಒಬ್ಬ ದಿನಾ ರಾತ್ರಿ ಹಾಕುತ್ತಿದ್ದ. ಮೊದಲು ಬೈದೆ, ಆಮೇಲೆ ನನಗೂ ಅಂಟಿತು. ಮನ್ಸೂರರು ನನಗಿನ್ನೂ ಅಂಟಿಲ್ಲ, ನಿಜ ಹೇಳುತ್ತಿದ್ದೇನೆ.

ಕಾಕಾ ಪಂಚಾಂಗ:
ನೀವೆಲ್ಲ ಇಂಗ್ಲಿಷ್ ತಾರೀಖು ಹಿಡಿದು ಕೂತಿದ್ದೀರಿ. ನಮ್ಮಲ್ಲಿ ವರ್ಷಾಬ್ದಿಕ ಮಾಡುವುದು ತಿಥಿಗೆ. ಆ ಲೆಕ್ಕದಲ್ಲಿ ರಾಜಗುರು, ಗಂಗೂಬಾಯಿ ಒಂದೇ ದಿನ ಅಲ್ಲವೇ ಅಲ್ಲ. 1991ರ ಜುಲೈ 11ಕ್ಕೆ ಸೂರ್ಯಗ್ರಹಣ ಇತ್ತು, ಅಂದರೆ ಅಮಾವಾಸ್ಯೆ. ಹತ್ತು ದಿನ ಆದ ಮೇಲೆ 21, ಶುಕ್ಲ ಪಕ್ಷ. 2009ರಲ್ಲಿ ಜುಲೈ 22ರ ಬೆಳಗ್ಗೆ ಸೂರ್ಯಗ್ರಹಣ. ಅಂದರೆ ಗಂಗೂಬಾಯಿ ಹೋದದ್ದು ಅಮಾವಾಸ್ಯೆ ಬಾಗಿಲಲ್ಲಿ, ಆಷಾಢದ್ದು, ನಮ್ಮ ಭೀಮನ ಅಮಾವಾಸ್ಯೆ. ಒಬ್ಬರದ್ದು ಏರುವ ಚಂದ್ರ, ಒಬ್ಬರದ್ದು ಚಂದ್ರನೇ ಇಲ್ಲ.

ತ್ಯಾಗರಾಜರ ಆರಾಧನೆ ನೋಡಿ, ಪುಷ್ಯ ಬಹುಳ ಪಂಚಮಿ. ಅವರು ಹೋದದ್ದು 1847ರ ಜನವರಿ 6. ಯಾರಾದರೂ ಜನವರಿ 6ಕ್ಕೆ ಆರಾಧನೆ ಮಾಡುತ್ತಾರಾ? ಪುರಂದರದಾಸರದ್ದು ಪುಷ್ಯ ಅಮಾವಾಸ್ಯೆ. ಎರಡಕ್ಕೂ ಹತ್ತು ದಿನದ ಅಂತರ, ಪ್ರತಿ ವರ್ಷ ಅದೇ ಅಂತರ. ಇದು ಕ್ರಮ.

ಮಂಡಿಪೇಟೆ ಟೇಪಣ್ಣ:
ಕಾಕಾ, ಗ್ರಹಣ ನನಗೂ ನೆನಪಿದೆ. ಹಿಂದಿನ ದಿನ ಮಂಗಳವಾರ ಟಿವಿಯಲ್ಲಿ ಗಂಗೂಬಾಯಿ ಸುದ್ದಿ, ಮರುದಿನ ಬೆಳಗ್ಗೆ ಅವ್ವ ಯಾರನ್ನೂ ಹೊರಗೆ ಬಿಡಲಿಲ್ಲ, ಅಪ್ಪ ಮಾತ್ರ ಪೇಪರ್ ಬೇಕು ಅಂತ ಹಠ ಮಾಡಿ ಗ್ರಹಣದಲ್ಲೇ ಗೇಟಿಗೆ ಹೋಗಿ ಬೈಸಿಕೊಂಡರು. ಆದರೆ ಅಪ್ಪ ಬರೆದದ್ದು ತಾರೀಖು, ತಿಥಿ ಅಲ್ಲ. ಹಾಗಾಗಿ ನಾನು ತಾರೀಖಿಗೇ ಅಂಟಿಕೊಳ್ಳುತ್ತೇನೆ.

ದುರ್ಗದ ಮೇಷ್ಟ್ರು:
ಕಾಕಾ ಹೇಳಿದ್ದಕ್ಕೆ ಒಂದು ಒಗ್ಗರಣೆ. ಸವಾಯಿ ಗಂಧರ್ವರ ಹೆಸರಿನ ಪುಣೆಯ ಸಂಗೀತೋತ್ಸವ ಶುರುವಾದದ್ದು 1953ರಲ್ಲಿ, ಅವರ ಮೊದಲ ಪುಣ್ಯತಿಥಿಗೆ ಅಂತ. ಈಗ ಅದು ನಡೆಯುವುದು ಡಿಸೆಂಬರಿನಲ್ಲಿ. ತಾರೀಖೂ ಹೋಯಿತು, ತಿಥಿಯೂ ಹೋಯಿತು. ಹಾಡು ಮಾತ್ರ ದಿನಗಟ್ಟಲೆ ಬಿಡದೆ ನಡೆಯುತ್ತದೆ.

ಹೈವೇ ಪಕ್ಕದವನು:
ಸಂಗೀತದವರ ನಡುವೆ ನಾನು ಬರಬಹುದಾ? ನಮ್ಮೂರಿಗೂ ಆನಗೋಡಿಗೂ ನಾಲ್ಕು ಕಿಲೋಮೀಟರು. ನಮಗೆ ತಾರೀಖು ಅಂದರೆ ಒಂದೇ, ಸೆಪ್ಟೆಂಬರ್ 30.

1990, ಭಾನುವಾರ. ನಾನಾಗ ಆರನೇ ಕ್ಲಾಸು. ಅಪ್ಪ ಡೈರಿಗೆ ಹಾಲು ಹಾಕಿ ಬಂದವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲಿಲ್ಲ, ಗೋಡೆಗೆ ಒರಗಿಸಿದರು, ಅದು ಜಾರಿ ಬಿತ್ತು, ಕ್ಯಾನು ಉರುಳಿ ಅಂಗಳದ ತನಕ ಹೋಯಿತು. ಎತ್ತೋಕೂ ಹೋಗದೆ "ಶಂಕರ್ ನಾಗ್ ಅಂತೆ" ಅಂದರು. ನಮಗೆ ಅರ್ಥ ಆಗಲಿಲ್ಲ. ಶಂಕರ್ ನಾಗ್ ನಮ್ಮೂರ ರೋಡಿಗೆ ಯಾಕೆ ಬರ್ತಾನೆ? ಶೂಟಿಂಗಿಗೆ ಅಂತ ಹೊರಟವರು, ಕಾರು, ಬೆಳಗಿನ ಜಾವ. 35 ವರ್ಷ. ನಮ್ಮ ಮಾವ ಲಾರಿ ಓಡಿಸುತ್ತಿದ್ದ, ಅಲ್ಲಿಗೆ ಬಂದರೆ ಟೇಪ್ ಬಂದ್ ಮಾಡಿ, ದಾಟಿದ ಮೇಲೆ ಮತ್ತೆ ಹಚ್ಚುತ್ತಿದ್ದ. ಕೊನೆಯ ತನಕ ಹಾಗೇ ಮಾಡಿದ.

ಅದೇ ಸೆಪ್ಟೆಂಬರ್ 30ಕ್ಕೆ, 1955ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಡೀನ್ ಅನ್ನುವ ನಟ ಕೂಡ ಕಾರ್ ಆಕ್ಸಿಡೆಂಟಿನಲ್ಲೇ ಹೋದ. 24 ವರ್ಷ. ಶಂಕರಣ್ಣ ಆಗ ಹನ್ನೊಂದು ತಿಂಗಳೂ ತುಂಬದ ಕೂಸು. ಲೆಕ್ಕದ ತಮ್ಮ ಇದಕ್ಕೂ ಒಂದು ಲೆಕ್ಕ ಹೇಳಬಹುದು. ಹೇಳು, ಪರವಾಗಿಲ್ಲ. ನನಗೆ ಅದು ಬೇಕಾಗಿಲ್ಲ.

ಲೆಕ್ಕದ ಹುಡುಗ:
ಇಲ್ಲ ಅಣ್ಣ. ಹೇಳಲ್ಲ.

ಬೆಂಗ್ಳೂರ್ ದಾವಣಗೆರೆ:
ಆಫೀಸಿನಲ್ಲಿ ಕದ್ದು ಓದುತ್ತಿದ್ದೇನೆ. ಡಿಸೆಂಬರ್ 11 ಯಾರೂ ಹೇಳಲಿಲ್ಲವಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿ 2004, ರವಿಶಂಕರ್ 2012, ಹಿಂದಿಯ ಕವಿ ಪ್ರದೀಪ್ 1998. ಆದರೆ ಇದರಲ್ಲೊಂದು ತಕರಾರು. ರವಿಶಂಕರ್ ತೀರಿಕೊಂಡದ್ದು ಅಮೆರಿಕದ ಸ್ಯಾನ್ ಡಿಯಾಗೋ ಕಡೆ. ಅಲ್ಲಿ 11ನೇ ತಾರೀಖು, ಆ ಹೊತ್ತಿಗೆ ನಮ್ಮಲ್ಲಿ ಆಗಲೇ 12. ಹಾಗಾದರೆ ಯಾವ ಊರಿನ ತಾರೀಖು ಲೆಕ್ಕ? ಕಾಕಾ, ನಿಮ್ಮ ಪಂಚಾಂಗ ಏನನ್ನುತ್ತೆ?

ಆಗಸ್ಟ್ 27 ಕೂಡ ಇದೆ. ಮುಕೇಶ್ 1976, ಹೃಷಿಕೇಶ್ ಮುಖರ್ಜಿ 2006. ಸರಿಯಾಗಿ ಮೂವತ್ತು ವರ್ಷ. ಆನಂದ್ ಸಿನಿಮಾದಲ್ಲಿ ಸಾಯುವವನಿಗೆ ದನಿ ಕೊಟ್ಟವರೂ, ಆ ಸಿನಿಮಾ ಮಾಡಿದವರೂ.

ಕಾಕಾ ಪಂಚಾಂಗ:
ಪ್ರಾಣ ಹೋದ ಊರಿನ ಗಳಿಗೆ ಹಿಡಿಯಬೇಕು ಅಂತ ನಾನು ಹೇಳುವುದು. ನಮ್ಮ ಮಗನೂ ಅಲ್ಲೇ ಇದ್ದಾನೆ, ಹಬ್ಬ ಯಾವತ್ತು ಅಂತ ಪ್ರತಿ ಸಲ ಇದೇ ಜಗಳ.

ನೆಲದ ಟಿಕೆಟ್ಟು:
ಎಲ್ಲರೂ ಧಾರವಾಡ, ಪುಣೆ, ಅಮೆರಿಕ ತಿರುಗಿ ಬಂದಿರಿ. ನಮ್ಮೂರ ಚಿಂದೋಡಿ ಲೀಲಾ ಯಾವತ್ತು ಹೋದರು ಅಂತ ಒಬ್ಬರಾದರೂ ಹೇಳಿ ನೋಡೋಣ.

ಜನವರಿ 21, 2010. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ, ಪದ್ಮಶ್ರೀ, ನಾಟಕ ಅಕಾಡೆಮಿ ಅಧ್ಯಕ್ಷೆ. ಪೊಲೀಸನ ಮಗಳು ನಾಟಕಕ್ಕೆ ನಾನು ಮೂರು ಸಲ ಹೋಗಿದ್ದೇನೆ, ಎರಡು ಸಲ ಮನೆಗೆ ಹೇಳದೆ. ತಗಡಿನ ಥಿಯೇಟರು, ಮಳೆ ಬಂದರೆ ಮೇಲೆ ಟಪ ಟಪ ಅಂತ ಸದ್ದು, ಹಾಡುವವರು ಅದಕ್ಕಿಂತ ಜೋರಾಗಿ ಹಾಡಬೇಕು. ಮೈಕು ಕೈಕೊಟ್ಟರೂ ಕೊನೇ ಬೆಂಚಿಗೆ ಮಾತು ಮುಟ್ಟುತ್ತಿತ್ತು. ಒನ್ಸ್ ಮೋರ್ ಅಂತ ಕೂಗಿದರೆ ಸತ್ತು ಬಿದ್ದ ಪಾತ್ರ ಎದ್ದು ಕೂತು ಮತ್ತೆ ಹಾಡಿ, ಮತ್ತೆ ಸಾಯುತ್ತಿತ್ತು. ಸಂಗೀತ ಅಂದರೆ ಅದೂ ಸಂಗೀತವೇ.

2016ರಲ್ಲಿ ಅದೇ ಜನವರಿ 21ಕ್ಕೆ ನೃತ್ಯದ ಮೃಣಾಲಿನಿ ಸಾರಾಭಾಯಿ. 2019ರಲ್ಲಿ ಅದೇ ದಿನ ಸಿದ್ಧಗಂಗೆಯ ಶ್ರೀಗಳು, 111 ವರ್ಷ. ಅವತ್ತಿನಿಂದ ಜನವರಿ 21 ಅಂದರೆ ಎಲ್ಲರ ಸ್ಟೇಟಸ್ಸಿನಲ್ಲೂ ಶ್ರೀಗಳೇ. ಇರಲಿ, ಇರಬೇಕಾದ್ದೇ, ನಾನೂ ಹಾಕುತ್ತೇನೆ. ಆದರೆ ಲೀಲಮ್ಮನಿಗೆ ಅವರ ಊರಿನಲ್ಲೇ ಜಾಗ ಇಲ್ಲದ ಹಾಗೆ ಆಯಿತು. ಒಂದು ಸಂಘದವರಿಗೆ ಕೇಳಿದೆ, ಒಂದು ಸಂಜೆ ನಾಟಕದ ಹಾಡು ಇಡೋಣ ಅಂತ. "ಅವತ್ತು ಬೇರೆ ಕಾರ್ಯಕ್ರಮ ಇದೆ, ಮುಂದಿನ ವಾರ ನೋಡೋಣ" ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ವಿದ್ಯಾನಗರದ ಅಕ್ಕ:
ನಾಚಿಕೆ ಆಯಿತು. ನನಗೂ ತಾರೀಖು ಗೊತ್ತಿರಲಿಲ್ಲ.

ದುರ್ಗದ ಮೇಷ್ಟ್ರು:
ಇದು ಬರೀ ನಮ್ಮೂರ ಕತೆಯಲ್ಲ. 2009ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. 29ಕ್ಕೆ ಸಿ. ಅಶ್ವಥ್. ಹುಟ್ಟಿದ್ದೂ ಡಿಸೆಂಬರ್ 29, 1939ರಲ್ಲಿ, ಎಪ್ಪತ್ತು ತುಂಬಿದ ದಿನವೇ ಹೋದರು. ಷರೀಫರನ್ನು ಪ್ರತಿ ಮನೆಗೆ ತಂದ ಗಂಟಲು ಅದು. ಅತ್ತು ಮುಗಿದಿರಲಿಲ್ಲ, 30ರ ಬೆಳಗ್ಗೆ ವಿಷ್ಣುವರ್ಧನ್. ದುರ್ಗದಲ್ಲಿ ಅವತ್ತು ಅಂಗಡಿ ತೆಗೆಯಲಿಲ್ಲ. ನಾಗರಹಾವು ತೆಗೆದ ಊರಲ್ಲವಾ, ನಮ್ಮ ರಾಮಾಚಾರಿ. ಅಶ್ವಥ್ ಸುದ್ದಿ ಪೇಪರಿನ ಒಳಪುಟಕ್ಕೆ ಸರಿದ ಹಾಗೆ ನನಗೆ ಅನ್ನಿಸಿತ್ತು. ಬೈಯೋಕೆ ಆಗುವುದಿಲ್ಲ. ನಾನೇ ಅವತ್ತು ವಿಷ್ಣುಗೆ ಅತ್ತವನು.

ನೆಲದ ಟಿಕೆಟ್ಟು:
ಅದೇ ನಾನು ಹೇಳಿದ್ದು ಮೇಷ್ಟ್ರೇ. ದೊಡ್ಡ ಮರದ ಕೆಳಗೆ ಬಿದ್ದ ಸಣ್ಣ ಗಿಡ.

ಮಂಡಿಪೇಟೆ ಟೇಪಣ್ಣ:
ಹಾಗಾದರೆ ಹೀಗೆ ಮಾಡೋಣ. ಜುಲೈ 21ಕ್ಕೆ ರಾಜಗುರು, ಗಂಗೂಬಾಯಿ. ಸೆಪ್ಟೆಂಬರ್ 12ಕ್ಕೆ ಮೇಷ್ಟ್ರು ದುರ್ಗದಿಂದ ಬರಲಿ, ಮನ್ಸೂರರ ವಚನದ ಜೊತೆ ಆ ಪೈಪೋಟಿ ಹಾಡೂ ಇರಲಿ. ಜನವರಿ 21ಕ್ಕೆ ನಮ್ಮ ಮಾಳಿಗೆ ಲೀಲಮ್ಮನದ್ದು. ಸಂಘ ಬೇಡ, ಹಾಲ್ ಬೇಡ. ನೆಲದ ಟಿಕೆಟ್ಟು ಅವರೇ, ನಾಟಕದ ಹಾಡು ಹಾಡೋಕೆ ಬರುವ ಒಬ್ಬರನ್ನು ಕರೆತನ್ನಿ. ಹಾರ್ಮೋನಿಯಂ ಪೆಟ್ಟಿಗೆ ನಮ್ಮ ಪಕ್ಕದವರ ಹತ್ತಿರ ಇದೆ, ಅದರ ಎರಡು ಮನೆ (ಕೀ) ಒತ್ತಿದರೆ ಏಳಲ್ಲ, ಅಷ್ಟು ಸಂಭಾಳಿಸಿಕೊಳ್ಳಬೇಕು.

ನೆಲದ ಟಿಕೆಟ್ಟು:
ಎರಡು ಮನೆ ಹೋದರೂ ನಡೆಯುತ್ತೆ. ಕಂಪನಿಯಲ್ಲಿ ಐದು ಹೋಗಿರುತ್ತಿದ್ದವು.

ಹೈವೇ ಪಕ್ಕದವನು:
ಸೆಪ್ಟೆಂಬರ್ 30ಕ್ಕೆ ಏನೂ ಬೇಡ. ನಮ್ಮ ಕಡೆ ಬನ್ನಿ, ರೋಡಿನ ಪಕ್ಕ ಚಹಾ ಕುಡಿದು ಹೋಗಿ.

ವಿದ್ಯಾನಗರದ ಅಕ್ಕ:
ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ನನ್ನದು. ಹಾಡು ನಡೆಯುವಾಗ ಯಾರೂ ಕರುಂ ಕುರುಂ ಮಾಡಬಾರದು, ಅದೊಂದು ಷರತ್ತು. ಮತ್ತೆ ಗಂಗಜ್ಜಿ ಕೊನೆಗೆ ಇರಲಿ, ನಾನು ಸೋಲುತ್ತೇನೆ. ಅವರ ಆದಮೇಲೆ ಇನ್ನೊಬ್ಬರನ್ನು ಕೇಳೋಕೆ ನನಗಂತೂ ಆಗುವುದಿಲ್ಲ.

ಬೆಂಗ್ಳೂರ್ ದಾವಣಗೆರೆ:
ನಾನು ರಜೆ ಹಾಕಿ ಬರುತ್ತೇನೆ. ಅಣ್ಣ, ಟೇಪ್ ರೆಕಾರ್ಡರ್ ಇದೆಯಾ ನಿಮ್ಮ ಹತ್ತಿರ? ಬರೀ ಕ್ಯಾಸೆಟ್ಟಿನ ಮಾತೇ ಆಡ್ತಿದ್ದೀರಿ.

ಮಂಡಿಪೇಟೆ ಟೇಪಣ್ಣ:
ಒಳ್ಳೇ ಪ್ರಶ್ನೆ. ಇತ್ತು, ಬೆಲ್ಟು ಸಡಿಲ ಆಗಿ ಗಂಗೂಬಾಯಿ ಇನ್ನೂ ದಪ್ಪ ದನಿಯಲ್ಲಿ ಹಾಡುತ್ತಿದ್ದರು. ಅಶೋಕ ರಸ್ತೆ ಗೇಟಿನ ಹತ್ತಿರ ಹಳೇ ರಿಪೇರಿಯವರು ಒಬ್ಬರು ಸಿಕ್ಕರು, ಇಂಥದ್ದು ನೋಡಿ ಹತ್ತು ವರ್ಷ ಆಯಿತು ಅಂತ ಕಾಸೇ ತಗೊಳ್ಳಲಿಲ್ಲ. ನಿನ್ನೆ ರಾತ್ರಿ ಮನೆಗೆ ತಂದು ಹಾಕಿದೆ.

ಅಪ್ಪ ರೇಡಿಯೋ ಮುಂದೆ ಟೇಪ್ ಇಟ್ಟು ಹಿಡಿದದ್ದು ಅಂದೆನಲ್ಲ. ವಿಳಂಬಿತ್ ನಿಧಾನಕ್ಕೆ ಏರುತ್ತಾ ಇದೆ, ಅವರು ಒಂದು ಸ್ವರ ಹಿಡಿದು ನಿಂತಿದ್ದಾರೆ, ಆಗ ಹಿಂದಿನಿಂದ ಅವ್ವನ ದನಿ. "ಅನ್ನ ಆರ್ತೈತಿ, ಎದ್ದು ಬರ್ತೀರೋ ಇಲ್ಲೋ!" ಆಮೇಲೆ ಅಪ್ಪ ಶ್ ಅಂದದ್ದು, ಪಾತ್ರೆ ಕುಕ್ಕಿದ ಸದ್ದು. ಗಂಗೂಬಾಯಿ ಇದ್ಯಾವುದಕ್ಕೂ ಜಗ್ಗದೆ ಅದೇ ಸ್ವರದಲ್ಲಿ ಇದ್ದಾರೆ.

ಆ ಜಾಗ ಬಿಟ್ಟು ಮುಂದಿನಿಂದ ಹಾಕಲೋ, ಪೂರ್ತಿ ಹಾಕಲೋ ಅಂತ ಕೇಳೋಣ ಅಂದುಕೊಂಡಿದ್ದೆ. ಅವ್ವ ಈಗ ನಾಲ್ಕನೇ ಸಲ ಅಲ್ಲಿಗೇ ತಿರುಗಿಸು ಅಂತಿದ್ದಾಳೆ. "ನಾನು ಅಷ್ಟು ಜೋರಾಗಿ ಕೂಗ್ತಿದ್ನೇನೋ?" ಅಂತ ಕೇಳುತ್ತಾಳೆ.